ಗುಂಡಮ್ಮ ಮಾಡಿದ ಬೋರೆಕ್

ಸಿಕಂದರಾಬಾದಿಗೆ ಹತ್ತಿರದ ತಾರ್ನಾಕಾದ ಒಳರಸ್ತೆಯಲ್ಲಿರುವ ಶರ್ವರಿಯ ಬೇಕರಿ ದೊಡ್ಡದೇನಲ್ಲ. ಮನೆಯ ಮುಂದಿನ ಕೋಣೆಗೆ ಒಂದು ಶಟರ್, ಗಾಜಿನ ಒಂದು ಕಪಾಟು, ಅದರ ಹಿಂದೆ ಒಂದು ಓವನ್, ಅಷ್ಟೇ. ಕಲಬುರಗಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಹೊತ್ತು ಹೋಗದೆ ಕಲಿತ ಕೆಲಸ ಹದಿನಾಲ್ಕು ವರ್ಷಗಳಲ್ಲಿ ಅವಳ ಹೆಸರಿಗೇ ಅಂಟಿಕೊಂಡಿತ್ತು. ಗಂಡ ಮಹೇಶಕುಮಾರ ಕೇಂದ್ರ ಸರ್ಕಾರದ ಕಾರ್ಖಾನೆಯೊಂದಕ್ಕೆ ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಅಷ್ಟರೊಳಗೆ ಶರ್ವರಿ ಎರಡು ಸುತ್ತು ಆಲೂ ಪಫ್ ತೆಗೆದಿರುತ್ತಿದ್ದಳು. ನಾಲ್ಕು ಗಂಟೆಗೆಲ್ಲ ಜನ ಬಂದು ನಿಲ್ಲುತ್ತಿದ್ದರು.

ಆ ಜನರಲ್ಲಿ ಎಲಿಫ್ ಕೂಡ ಒಬ್ಬಳು. ಟರ್ಕಿ ದೇಶದ ಹುಡುಗಿ. ಗಂಡ ಹತ್ತಿರದ ಸಂಶೋಧನಾ ಸಂಸ್ಥೆಯೊಂದಕ್ಕೆ ಕೆಲಸಕ್ಕೆ ಬಂದು ಎರಡು ವರ್ಷವಾಗಿತ್ತು. ವಾರಕ್ಕೆ ಎರಡು ಸಲವಾದರೂ ಬಂದು ನಾಲ್ಕು ಪಫ್ ಕಟ್ಟಿಸಿಕೊಂಡು, ಮುರುಕು ಹಿಂದಿಯಲ್ಲಿ ಅರ್ಧ ಗಂಟೆ ಹರಟಿ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಬಂದವಳು ಪಫ್ ಕೇಳಲೇ ಇಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ದೀದಿ, ನಮ್ಮ ಅತ್ತೆ ಬರುತ್ತಿದ್ದಾರೆ. ಇನ್ನು ಮೂರೇ ವಾರ."

"ಬರಲಿ ಬಿಡು. ಅತ್ತೆಯರು ಎಲ್ಲರಿಗೂ ಬರುತ್ತಾರೆ," ಎಂದಳು ಶರ್ವರಿ.

ಎಲಿಫ್ ತಲೆ ಎತ್ತಿದಳು. ಆಮೇಲೆ ಅವಳು ಹೇಳಿದ್ದು ಇಷ್ಟು: ಅವಳ ಅತ್ತೆ ನೆರ್ಮಿನ್ ಅವರು ಊರಿಗೆಲ್ಲ ಹೆಸರಾದ ಅಡುಗೆಯವರು. ಆಲೂಗಡ್ಡೆ ತುಂಬಿದ ಅವರ ಬೋರೆಕ್ ತಿನ್ನಲೆಂದೇ ನೆಂಟರು ಬರುತ್ತಾರೆ. ಮದುವೆಯಾದ ಹೊಸದರಲ್ಲಿ, "ನನ್ನ ಮಗನಿಗೆ ಶುಕ್ರವಾರ ಶುಕ್ರವಾರ ಬೋರೆಕ್ ಆಗಬೇಕು, ಮಾಡಿ ಹಾಕುತ್ತೀಯಲ್ಲ?" ಎಂದು ಅವರು ಫೋನಿನಲ್ಲಿ ಕೇಳಿದ್ದರು. ಎಲಿಫ್ ಹೆದರಿ ಹೂಂ ಅಂದುಬಿಟ್ಟಿದ್ದಳು. ಒಂದು ಹೂಂ ಎರಡು ವರ್ಷದ ಸುಳ್ಳಾಯಿತು. ವಿಡಿಯೋದಲ್ಲಿ ಅತ್ತೆ ತೋರಿಸು ಅಂದಾಗಲೆಲ್ಲ ಶರ್ವರಿಯ ಪಫ್‌ಗಳನ್ನು ತಟ್ಟೆಯಲ್ಲಿಟ್ಟು, ಮೇಲೊಂದು ಬಟ್ಟೆ ಅರ್ಧ ಮುಚ್ಚಿ, ದೂರದಿಂದ ತೋರಿಸಿ ಪಾರಾಗಿದ್ದಳು.

ಶರ್ವರಿಗೆ ನಗು ತಡೆಯಲಾಗಲಿಲ್ಲ. ತನ್ನ ಪಫ್ ಅಷ್ಟು ದೂರದ ಅತ್ತೆಯೊಬ್ಬಳ ಕಣ್ಣು ಕಟ್ಟಿತ್ತಲ್ಲ!

"ನೀವು ಮಾಡಿಕೊಡಿ ದೀದಿ. ಒಂದೇ ಒಂದು ತಟ್ಟೆ. ನಾನು ಮಾಡಿದ್ದೆಂದು ಹೇಳಿಕೊಳ್ಳುತ್ತೇನೆ."

ಶರ್ವರಿ ಒಪ್ಪಿಕೊಂಡಳು. ಹದಿನಾಲ್ಕು ವರ್ಷ ಹಿಟ್ಟಿನ ಜೊತೆ ಬಾಳಿದವಳಿಗೆ ಇನ್ನೊಂದು ಹಿಟ್ಟು ಏನು ಮಹಾ ಅನ್ನಿಸಿತು.

ಎಂಟು ದಿನದಲ್ಲಿ ಆ ಜಂಬ ಇಳಿದುಹೋಯಿತು. ಪಫ್‌ನ ಹಿಟ್ಟು ವನಸ್ಪತಿ ಹಚ್ಚಿ, ಮಡಚಿ, ಲಟ್ಟಿಸಿದರೆ ಹೇಳಿದ ಮಾತು ಕೇಳುತ್ತದೆ. ಬೋರೆಕ್‌ನ ಹಿಟ್ಟು ಹಾಗಲ್ಲ. ಅದನ್ನು ಕೈಯಿಂದಲೇ ಹಿಗ್ಗಿಸಿ ಹಿಗ್ಗಿಸಿ ಇಡೀ ಮೇಜು ಮುಚ್ಚುವ ಹಾಳೆ ಮಾಡಬೇಕು. ಕೆಳಗಿನ ಬಟ್ಟೆಯ ಹೂವು ಮೇಲಿಂದ ಕಾಣಬೇಕು. ಆಮೇಲೆ ಆಲೂಗಡ್ಡೆ ಹರಡಿ, ಹಗ್ಗದಂತೆ ಸುತ್ತಿ, ಆ ಹಗ್ಗವನ್ನು ಸುರುಳಿ ಮಾಡಿ ಬೇಯಿಸಬೇಕು. ಶರ್ವರಿಯ ಹಿಟ್ಟು ಒಂದು ಮೊಳ ಹಿಗ್ಗುವಷ್ಟರಲ್ಲಿ ನಡುವೆ ಬಾಯಿ ತೆರೆಯುತ್ತಿತ್ತು. ನೀರು ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು. ಎಣ್ಣೆ ಬದಲಿಸಿದಳು. ಮೊಬೈಲಿನಲ್ಲಿ ಯಾವುದೋ ಹಳ್ಳಿಯ ಮುದುಕಿ ಸರಾಗವಾಗಿ ಮಾಡುವುದನ್ನು ಇಪ್ಪತ್ತು ಸಲ ನೋಡಿದಳು. ಹಿಟ್ಟು ಮಾತ್ರ ಹರಿಯುತ್ತಲೇ ಇತ್ತು.

ಒಂಬತ್ತನೆಯ ದಿನ ಅತ್ತೆ ಉಮಾಬಾಯಿ ಹಿತ್ತಲಿನಿಂದ ಬಂದು ಮೇಜಿನ ಮೇಲಿನ ಚಿಂದಿ ನೋಡಿದರು.

"ಇದೇನ ಶರ್ವರಿ, ಮಂಡಿಗಿ ಮಾಡಾಕ ಹೊಂಟೀ ಏನ?"

"ಮಂಡಿಗಿ ಅಲ್ರೀ ಅತ್ತಿ, ಟರ್ಕಿ ದೇಶದ್ದು."

"ಯಾವ ದೇಶದ್ದರ ಇರ್ಲಿ. ಹಿಟ್ಟ ಹಿಂಗ ಹಿಗ್ಗಸೂದು ಮಂಡಿಗಿಗೇನ. ನಮ್ಮ ಭಜನಿಗೆ ಬರ್ತಾರಲ್ಲ ಗುಂಡಮ್ಮಾಯಿ, ಅವರ್ನ ಕೇಳು. ಬೆಳಗಾವಿ ಒಳಗ ಲಗ್ನ ಅಂದ್ರ ಅವರ ಕೈ ಮಂಡಿಗೀನ ಆಗಬೇಕಿತ್ತು."

ಉಮಾಬಾಯಿಯ ತವರು ಬೆಳಗಾವಿ ಕಡೆ. ಶರ್ವರಿಗೆ ಮಂಡಿಗೆ ಗೊತ್ತಿತ್ತು. ಒಂದು ಮದುವೆಯಲ್ಲಿ ಕಾಗದದಂಥ ಆ ಸಿಹಿಯನ್ನು ತಿಂದಿದ್ದಳು. ಮಾಡುವುದನ್ನು ಕಂಡಿರಲಿಲ್ಲ. ಮರುದಿನ ಬೆಳಿಗ್ಗೆ ಹಿಟ್ಟನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಆಟೋ ಹತ್ತಿ ಸಿಕಂದರಾಬಾದಿನ ರೈಲ್ವೆ ಕ್ವಾರ್ಟರ್ಸಿಗೆ ಹೋದಳು.

ಹೆಸರಿಗೆ ಗುಂಡಮ್ಮ, ನೋಡಿದರೆ ಗಾಳಿಗೆ ಹಾರಿಹೋಗುವಂತಿದ್ದರು. ವಯಸ್ಸು ಎಪ್ಪತ್ತೆರಡು. ರೈಲ್ವೆಯಲ್ಲಿರುವ ಮಗನ ಮನೆಯ ಹೊಸ್ತಿಲಲ್ಲಿ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಶರ್ವರಿ ಬಂದ ಕಾರಣ ಹೇಳುವ ಮೊದಲೇ ಡಬ್ಬಿ ತೆಗೆಸಿ, ಹಿಟ್ಟಿಗೆ ಹೆಬ್ಬೆರಳೊತ್ತಿ ನೋಡಿದರು.

"ಹೊಡದೀ ಏನ ಇದನ್ನ?"

"ನಾದೀನ್ರೀ ಆಯಿ. ಹತ್ತ ಮಿನಿಟು."

"ನಾದೂದಲ್ಲವಾ, ಹೊಡಿಯೂದು. ಬಾ ಒಳಗ."

ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಗೆ ಒಂದಿಷ್ಟು ಎಣ್ಣೆ ಸವರಿ, ಹಿಟ್ಟಿನ ಒಂದು ತುದಿ ಹಿಡಿದು ಎತ್ತಿ ಕಲ್ಲಿಗೆ ಅಪ್ಪಳಿಸಿದರು. ಮಡಚಿದರು, ಮತ್ತೆ ಅಪ್ಪಳಿಸಿದರು. ಆ ಸಣ್ಣ ದೇಹದಿಂದ ಅಷ್ಟು ದೊಡ್ಡ ಸದ್ದು ಹೇಗೆ ಬರುತ್ತದೆಂದು ಶರ್ವರಿ ಬೆರಗಾದಳು. ನೂರು ಸಲವಾದರೂ ಹೊಡೆದಿರಬೇಕು. ಉಸಿರು ಏರಲಿಲ್ಲ, ಲಯ ತಪ್ಪಲಿಲ್ಲ. ಹಿಟ್ಟು ರೇಷ್ಮೆಯ ಹಾಗೆ ಹೊಳೆಯತೊಡಗಿದಾಗ ಅದಕ್ಕೆ ಒದ್ದೆ ಬಟ್ಟೆ ಮುಚ್ಚಿ, ಚಹಾಕ್ಕೆ ಇಟ್ಟರು.

"ಒಂದ ತಾಸ ಮಲಗ್ಲಿ. ಹೊಡಸ್ಕೊಂಡ ಕೂಸಿಗೆ ನಿದ್ದಿ ಬೇಕಾಗತೈತಿ."

ಚಹಾ ಕುಡಿಯುತ್ತ ಅವರು ಮಾತಾಡಿದ್ದು ಕಡಿಮೆ. ಹನ್ನೆರಡನೆಯ ವಯಸ್ಸಿಗೆ ಅತ್ತೆಯ ಕೈಕೆಳಗೆ ಕಲಿತದ್ದಂತೆ. ಕೊನೆಯ ಸಲ ಮಂಡಿಗೆ ಮಾಡಿ ಹನ್ನೊಂದು ವರ್ಷವಾಯಿತಂತೆ. "ಇಲ್ಲಿ ಯಾರ ಕೇಳತಾರವಾ," ಎಂದರು, ಯಾವ ದುಃಖವೂ ಇಲ್ಲದೆ, ಇವತ್ತು ಮಾರ್ಕೆಟ್ಟಿನಲ್ಲಿ ಬದನೆಕಾಯಿ ಇರಲಿಲ್ಲ ಅನ್ನುವಷ್ಟು ಸಹಜವಾಗಿ.

ತಾಸು ಕಳೆದ ಮೇಲೆ ಗುಂಡಮ್ಮ ಬಳೆಗಳನ್ನು ಮೊಣಕೈಯವರೆಗೆ ಏರಿಸಿಕೊಂಡರು. ಉಂಗುರ ತೆಗೆದು ಗೂಡಿನಲ್ಲಿಟ್ಟರು. ಕಿತ್ತಳೆಹಣ್ಣಿನಷ್ಟು ಹಿಟ್ಟು ತೆಗೆದುಕೊಂಡು ಅಂಗೈಯಗಲ ತಟ್ಟಿ, ಎರಡೂ ಮುಷ್ಟಿಗಳ ಬೆನ್ನಿನ ಮೇಲೆ ಹಾಕಿಕೊಂಡರು. ಆಮೇಲೆ ಏನು ನಡೆಯಿತೆಂದು ಶರ್ವರಿಗೆ ಮೊದಲ ನೋಟಕ್ಕೆ ತಿಳಿಯಲೇ ಇಲ್ಲ. ಅವರು ಎಳೆದದ್ದು ಕಾಣಲಿಲ್ಲ. ಮಲಗಿದ ಮಗುವನ್ನು ಎಚ್ಚರವಾಗದಂತೆ ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸುತ್ತಾರಲ್ಲ, ಹಾಗೆ ಹಿಟ್ಟು ಮುಷ್ಟಿಯಿಂದ ಮುಂಗೈಗೆ, ಮುಂಗೈಯಿಂದ ಮೊಣಕೈಗೆ ಜಾರಿತು. ಪ್ರತಿ ಸುತ್ತಿಗೂ ಒಂದಿಷ್ಟು ಹಿಗ್ಗಿತು. ತನ್ನ ತೂಕಕ್ಕೆ ತಾನೇ ಇಳಿಬಿದ್ದು ತೆಳ್ಳಗಾಯಿತು. ನೋಡನೋಡುತ್ತ ಗುಂಡಮ್ಮನ ಎರಡು ತೋಳುಗಳ ನಡುವೆ ಒಂದು ಪಂಚೆಯಷ್ಟು ಹಾಳೆ ತೂಗುತ್ತಿತ್ತು. ಅದರಾಚೆ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು.

ಎಲ್ಲೂ ಒಂದು ತೂತಿಲ್ಲ.

ಶರ್ವರಿ ಬಾಗಿ ಅವರ ಕಾಲು ಮುಟ್ಟಿದಳು. ತನಗೆ ಕೆಲಸ ಬರುತ್ತದೆ ಎಂದುಕೊಂಡಿದ್ದ ಹದಿನಾಲ್ಕು ವರ್ಷಗಳನ್ನು ನೆನೆದು ಅವಳಿಗೆ ನಾಚಿಕೆಯಾಗಲಿಲ್ಲ. ಇಷ್ಟು ದೊಡ್ಡದನ್ನು ಕಣ್ಣಾರೆ ನೋಡಿದೆನಲ್ಲ ಎಂಬ ಸಂತೋಷವೇ ಉಕ್ಕಿ ಬಂತು.

"ಏಳವಾ, ಕಾಲಿಗ್ಯಾಕ ಬೀಳತೀ, ಹಿಟ್ಟ ಒಣಗತೈತಿ," ಎಂದರು ಗುಂಡಮ್ಮ.

ಎಲಿಫಳ ಕತೆ ಕೇಳಿ ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬಟ್ಟೆ ಮುಚ್ಚಿ ಪಫ್ ತೋರಿಸುತ್ತಿದ್ದ ಮಾತಿಗಂತೂ ಎರಡು ಸಲ ನಕ್ಕರು. ನಗು ನಿಂತ ಮೇಲೆ ಹೇಳಿದರು:

"ನಾ ಮಾಡಿ, ಆಕಿ ಮಾಡ್ಯಾಳಂತ ಹೇಳೂದು ಬ್ಯಾಡ. ಅತ್ತಿ ಮುಂದ ಹಿಂತಾ ಸುಳ್ಳ ಎಷ್ಟ ದಿನ ನಡೀತೈತಿ? ಆಕೀನ ಕರಕೊಂಡ ಬಾ. ಕಲಸ್ತೀನಿ."

ಕಲಿಕೆ ಶರ್ವರಿಯ ಬೇಕರಿಯಲ್ಲೇ ಆಯಿತು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಗಿರಾಕಿಗಳು ಕಡಿಮೆ. ಶಟರ್ ಅರ್ಧ ಇಳಿಸಿ ಮೂವರೂ ಮೇಜಿನ ಸುತ್ತ ನಿಲ್ಲುತ್ತಿದ್ದರು. ಎಲಿಫಳಿಗೆ ಕನ್ನಡ ಬಾರದು, ಗುಂಡಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ. ನಡುವೆ ಶರ್ವರಿ ತರ್ಜುಮೆ ಮಾಡುತ್ತಿದ್ದಳು. ಕೊನೆಕೊನೆಗೆ ಅದೂ ಬೇಕಾಗಲಿಲ್ಲ. ಗುಂಡಮ್ಮ "ಸಾವಕಾಶ, ಸಾವಕಾಶ" ಅಂದರೆ ಎಲಿಫಳ ಕೈ ತಾನೇ ನಿಧಾನವಾಗುತ್ತಿತ್ತು.

ಆಲೂಗಡ್ಡೆಯ ಹೂರಣ ಮಾತ್ರ ಎಲಿಫಳಿಗೆ ಚೆನ್ನಾಗಿ ಬರುತ್ತಿತ್ತು. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಸಣ್ಣಗೆ ಹೆಚ್ಚಿ ಕೆಂಪಗೆ ಹುರಿದ ಈರುಳ್ಳಿ, ಕರಿಮೆಣಸು, ಕುಟ್ಟಿದ ಒಣಮೆಣಸಿನಕಾಯಿ, ಉಪ್ಪು. ಅವಳ ಊರಿನ ಸೊಪ್ಪು ಸಿಗದೆ ಕೊತ್ತಂಬರಿ. ಮೊದಲ ದಿನ ಗುಂಡಮ್ಮ ಬಾಣಲೆಗೆ ಇಣುಕಿ ಹುಬ್ಬು ಗಂಟಿಕ್ಕಿದರು.

"ಅರಿಶಿಣ ಇಲ್ಲ, ಸಾಸಿವಿ ಇಲ್ಲ, ಕರಿಬೇವ ಇಲ್ಲ. ಇದೆಂಥಾ ಪಲ್ಲೆ?"

ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. "ಚಲೋ ಐತಲ್ಲ!" ಎಂದು ಇನ್ನೊಂದು ಚಿಟಿಕೆ ತೆಗೆದುಕೊಂಡರು.

ಎಲಿಫ್ ದಿನಕ್ಕೆ ಐದಾರು ಸಲ ಹಿಟ್ಟು ಹರಿಯುತ್ತಿದ್ದಳು. ಶರ್ವರಿಯೂ ಹರಿಯುತ್ತಿದ್ದಳು. ಗುಂಡಮ್ಮ ಒಮ್ಮೆಯೂ ಗದರಲಿಲ್ಲ. ಹರಿದದ್ದನ್ನು ಉಂಡೆ ಮಾಡಿ, ಒದ್ದೆ ಬಟ್ಟೆ ಹೊದಿಸಿ, ಬೇರೆ ಉಂಡೆ ಕೈಗಿಡುತ್ತಿದ್ದರು. ಒಂದು ದಿನ ಶರ್ವರಿಯ ಮೊಣಕೈಯನ್ನು ಹಿಂದಿನಿಂದ ಹಿಡಿದು ಒಂದು ಬೆರಳಿನಷ್ಟು ಮೇಲಕ್ಕೆತ್ತಿದರು, ಅಷ್ಟೇ. ಅಂದು ಅವಳ ಹಾಳೆ ಅರ್ಧ ಮೇಜು ಮುಟ್ಟಿತು. ಅವರ ಬಲ ಭುಜ ನೋಯುತ್ತದೆಂದು ಶರ್ವರಿಗೆ ತಿಳಿದದ್ದು ವಾರ ಕಳೆದ ಮೇಲೆ. ಕೆಲಸ ಮುಗಿದಾಗ ಮಾತ್ರ ಅವರು ಆ ಕೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. ನೋವೇ ಎಂದು ಕೇಳಿದರೆ "ವಯಸ್ಸ ಆಗೇತಿ" ಎಂದು ಮಾತು ಮುಗಿಸುತ್ತಿದ್ದರು.

ಓವನ್ನಿನ ಕೆಲಸ ಶರ್ವರಿಯದು. ಎಷ್ಟು ಬಿಸಿ, ಎಷ್ಟು ಹೊತ್ತು, ಯಾವಾಗ ತಟ್ಟೆ ತಿರುಗಿಸಬೇಕು ಎಂಬುದು ಅವಳಿಗೆ ಅಂದಾಜಿನಲ್ಲೇ ಗೊತ್ತು. ಮೊದಲ ಸುರುಳಿ ಹೊರಬಂದ ದಿನ ಮೂವರೂ ಬಾಯಿ ಸುಟ್ಟುಕೊಂಡು ತಿಂದರು. ಮೇಲಿನ ಪದರ ಹಲ್ಲಿಗೆ ತಾಗಿದೊಡನೆ ಪುಡಿಯಾಗುತ್ತಿತ್ತು, ಒಳಗಿನದು ಮೆತ್ತಗೆ ಉಳಿದಿತ್ತು, ಆಲೂಗಡ್ಡೆಯಿಂದ ಈರುಳ್ಳಿಯ ಸಿಹಿ ಮತ್ತು ಮೆಣಸಿನ ಘಾಟು ಒಟ್ಟಿಗೇ ಏಳುತ್ತಿತ್ತು. ಎಲಿಫ್ ತಿನ್ನುತ್ತ ತಿನ್ನುತ್ತ ಅತ್ತಳು. "ಇದೇ, ಇದೇ," ಎಂದಳು.

ನೆರ್ಮಿನ್ ಅವರು ಬಂದರು. ಬಂದ ಮೂರನೆಯ ದಿನ ಮಗ ತಾಯಿಯನ್ನು ಅಬಿಡ್ಸ್, ಸುಲ್ತಾನ್ ಬಜಾರ್ ತೋರಿಸಲು ಬೆಳಿಗ್ಗೆಯೇ ಕರೆದುಕೊಂಡು ಹೋದ. ಸಂಜೆಗೆ ಬರುವುದೆಂದು ಹೇಳಿದ್ದ. ಎಲಿಫ್ ಓಡಿ ಬಂದು ಶರ್ವರಿಯನ್ನೂ ಗುಂಡಮ್ಮನನ್ನೂ ತನ್ನ ಫ್ಲ್ಯಾಟಿಗೆ ಕರೆದೊಯ್ದಳು. ತಾನೇ ಮಾಡುತ್ತೇನೆ, ನೀವು ಪಕ್ಕದಲ್ಲಿ ನಿಂತರೆ ಸಾಕು ಎಂದಳು.

"ಅತ್ತಿ ಮುಂದ ಖರೇ ಹೇಳೀ ಏನ?" ಎಂದು ಗುಂಡಮ್ಮ ಕೇಳಿದರು.

ಶರ್ವರಿ ಅದನ್ನು ಹಿಂದಿಯಲ್ಲಿ ಹೇಳಿದಳು. ಎಲಿಫ್ ನೆಲ ನೋಡಿದಳು. "ತಟ್ಟೆ ಮುಂದಿಟ್ಟು ಹೇಳುತ್ತೇನೆ."

ಭಯಕ್ಕೋ ಏನೋ, ಅಂದು ಅವಳು ಅವಸರ ಮಾಡಿದಳು. ಮೊದಲ ಹಾಳೆ ಹರಿಯಿತು. ಎರಡನೆಯದೂ ಹರಿಯಿತು. ಮೂರನೆಯ ಉಂಡೆಯನ್ನು ಗುಂಡಮ್ಮ ಸುಮ್ಮನೆ ತೆಗೆದುಕೊಂಡು ತೋಳಿಗೇರಿಸಿದರು. ಹಾಳೆ ಪೂರ್ತಿ ಹಿಗ್ಗಿ ಮೇಜಿನ ಮೇಲೆ ಇಳಿಯುವ ಹೊತ್ತಿಗೆ ಬಾಗಿಲಿನ ಬೀಗ ತಿರುಗಿತು. ಬಿಸಿಲಿಗೆ ಸೋತು, ಮಗನನ್ನು ಅಂಗಡಿಯಲ್ಲೇ ಬಿಟ್ಟು ನೆರ್ಮಿನ್ ಅವರು ಒಬ್ಬರೇ ಆಟೋದಲ್ಲಿ ಮರಳಿದ್ದರು.

ಎತ್ತರದ ಹೆಂಗಸು, ತಲೆಗೆ ಬೂದುಬಣ್ಣದ ವಸ್ತ್ರ ಕಟ್ಟಿದ್ದರು. ಬಾಗಿಲಲ್ಲೇ ನಿಂತರು. ಎಲಿಫ್ ಬಿಳಿಚಿಕೊಂಡು ಅವರ ಭಾಷೆಯಲ್ಲಿ ಏನೇನೋ ಹೇಳತೊಡಗಿದಳು. ಪಫ್ ಎಂಬ ಮಾತು ಎರಡು ಸಲ ಬಂದದ್ದರಿಂದ ಎಲ್ಲ ಒಪ್ಪಿಕೊಳ್ಳುತ್ತಿದ್ದಾಳೆಂದು ಶರ್ವರಿಗೆ ಗೊತ್ತಾಯಿತು. ಗುಂಡಮ್ಮ ಮಾತ್ರ ತಲೆ ಎತ್ತಲಿಲ್ಲ. ಹಾಳೆಯ ಅಂಚನ್ನು ಬೆರಳಿನಿಂದ ಸರಿಮಾಡುತ್ತಿದ್ದರು.

ನೆರ್ಮಿನ್ ಸೊಸೆಯ ಮಾತು ಕೇಳುತ್ತಲೇ ಮೇಜಿನ ಹತ್ತಿರ ಬಂದರು. ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬಾಗಿ ನೋಡಿದರು. ಹಾಳೆಯ ಅಡಿಗೆ ಮೆಲ್ಲಗೆ ಅಂಗೈ ತೂರಿಸಿದರು. ಕೈರೇಖೆಗಳು ಮೇಲಿಂದ ಕಂಡವು. ಆಮೇಲೆ ಗುಂಡಮ್ಮನ ಮುಖ ನೋಡಿ ಒಂದು ಮಾತು ಹೇಳಿದರು.

"ಏನಂತಾರ?" ಎಂದು ಶರ್ವರಿ, ಎಲಿಫಳಿಗೆ ಕನ್ನಡ ಬಾರದೆಂಬುದನ್ನು ಮರೆತು, ಕನ್ನಡದಲ್ಲೇ ಕೇಳಿಬಿಟ್ಟಳು.

ಎಲಿಫ್ ಮೂಗೊರೆಸಿಕೊಂಡು ಹಿಂದಿಯಲ್ಲಿ ಹೇಳಿದಳು: "ಇವರ ಕೈಗೆ ಮುತ್ತಿಡಬಹುದೇ ಎಂದು ಕೇಳುತ್ತಿದ್ದಾರೆ. ನಮ್ಮಲ್ಲಿ ಹಿರಿಯರ ಕೈಗೆ ಹಾಗೆ ಮಾಡುತ್ತೇವೆ."

ಗುಂಡಮ್ಮನಿಗೆ ಇದನ್ನು ಹೇಳಿದಾಗ ಅವರು ಮೊದಲ ಸಲ ನಾಚಿದರು. "ಹಿಟ್ಟಿನ ಕೈ ಐತಿ," ಎಂದು ಹಿಂದಕ್ಕೆಳೆದುಕೊಂಡರು. ನೆರ್ಮಿನ್ ಬಿಡಲಿಲ್ಲ. ಹಿಟ್ಟಿನ ಕೈಯನ್ನೇ ಹಿಡಿದು ಮುತ್ತಿಟ್ಟು ಹಣೆಗೊತ್ತಿಕೊಂಡರು.

ಆಮೇಲೆ ಒಳಗೆ ಹೋಗಿ ಸೂಟ್‌ಕೇಸ್ ತೆರೆದರು. ಉಲ್ಲನ್ ಶಾಲಿನಲ್ಲಿ ಸುತ್ತಿದ ಒಂದು ಕೋಲು ತಂದರು. ಬೆರಳಿನಷ್ಟು ದಪ್ಪ, ತೋಳಿಗಿಂತ ಉದ್ದ. ಶುಕ್ರವಾರ ಶುಕ್ರವಾರ ಬೋರೆಕ್ ಮಾಡುವ ಸೊಸೆಗೆಂದು ಊರಿನಿಂದ ತಂದ ಲಟ್ಟಣಿಗೆ ಅದು. ಎಲಿಫಳ ಮುಖ ನೋಡಿ ಅವರು ಏನೋ ಹೇಳಿ ನಕ್ಕರು. ಎಲಿಫ್ ಕೂಡ ಅಳುನಗುವಿನಲ್ಲಿ ನಕ್ಕಳು. "ಎರಡು ವರ್ಷ ನನ್ನ ಮಗ ಏನು ತಿಂದನೋ ಅದನ್ನು ನನಗೂ ತಿನ್ನಿಸು ಅಂತಿದ್ದಾರೆ," ಎಂದಳು. ಶರ್ವರಿ ಬೇಕರಿಗೆ ಫೋನ್ ಮಾಡಿ, ನಾಲ್ಕು ಪಫ್ ತೆಗೆದಿಡಲು ಉಮಾಬಾಯಿಗೆ ಹೇಳಿದಳು.

ನೆರ್ಮಿನ್ ಕೈ ತೊಳೆದು ಬಂದು ಮೇಜಿನ ಇನ್ನೊಂದು ಬದಿಗೆ ನಿಂತರು. ಉಂಡೆಯ ಮೇಲೆ ಕೋಲಿಟ್ಟು ಉರುಳಿಸಿದರು. ಹಿಟ್ಟು ಕೋಲಿಗೆ ಸುತ್ತಿಕೊಂಡಿತು, ಬಿಚ್ಚಿದಾಗ ಎರಡರಷ್ಟಾಗಿತ್ತು. ಮತ್ತೆ ಸುತ್ತಿ, ನಡುವಿನಿಂದ ಅಂಚಿನತ್ತ ಅಂಗೈ ಜಾರಿಸುತ್ತ ಉರುಳಿಸಿದರು. ಆ ಕಡೆ ಕೋಲಿನ ತಟತಟ ಸದ್ದು, ಈ ಕಡೆ ಸದ್ದೇ ಇಲ್ಲದ ಗುಂಡಮ್ಮನ ತೋಳುಗಳು. ಒಬ್ಬರು ಇನ್ನೊಬ್ಬರ ಕೈಯನ್ನು ಕದ್ದು ಕದ್ದು ನೋಡುತ್ತಿದ್ದರು. ಶರ್ವರಿ ಗೋಡೆಗೆ ಒರಗಿ ನಿಂತಳು. ಎಷ್ಟು ಮದುವೆ, ಎಷ್ಟು ಹಬ್ಬ, ಎಷ್ಟು ಸಾವಿರ ಉಂಡೆಗಳು ಆ ನಾಲ್ಕು ಕೈಗಳಲ್ಲಿ ಹಾಳೆಯಾಗಿ ಹೋಗಿರಬೇಕೆಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು.

ಎರಡು ಹಾಳೆಗಳೂ ಅಕ್ಕಪಕ್ಕ ಬಿದ್ದಾಗ ಗುಂಡಮ್ಮ ಬಾಗಿ ನೋಡಿದರು.

"ಹೇಳವಾ ಆಕೀಗೆ. ನಂದು ತೆಳ್ಳಗ ಐತಿ. ಆದ್ರ ಆಕಿದು ಎಲ್ಲಾ ಕಡೆ ಸಮ ಐತಿ. ನನಗ ಹಂಗ ಅಂಚ ಬರೂದಿಲ್ಲ."

ಮಾತು ಎರಡು ಭಾಷೆ ದಾಟಿ ನೆರ್ಮಿನ್ ಅವರನ್ನು ಮುಟ್ಟಿತು. ಅವರು ತಲೆಯಾಡಿಸಿ, ಕೋಲನ್ನು ಗುಂಡಮ್ಮನ ಕೈಗೆ ಕೊಟ್ಟು, ಹಿಂದೆ ನಿಂತು ಅಂಗೈ ಹೇಗೆ ಜಾರಬೇಕೆಂದು ತೋರಿಸಿದರು. ಎಪ್ಪತ್ತೆರಡರ ಗುಂಡಮ್ಮ ನಾಲಗೆಯ ತುದಿ ಕಚ್ಚಿಕೊಂಡು ಕಲಿತರು.

ಬೋರೆಕ್ ಬೆಂದಿತು. ಮಗ ಸಂಜೆ ಚೀಲ ಹೊತ್ತು ಬರುವಷ್ಟರಲ್ಲಿ ಒಂದು ತಟ್ಟೆ ಖಾಲಿಯಾಗಿತ್ತು. ಎಲಿಫ್ ಹೋಗಿ ಪಫ್‌ಗಳನ್ನೂ ತಂದಳು. ನೆರ್ಮಿನ್ ಒಂದನ್ನು ಪೂರ್ತಿ ತಿಂದು, ಶರ್ವರಿಯ ಕೆನ್ನೆ ತಟ್ಟಿ, ಇನ್ನೊಂದಕ್ಕೆ ಕೈಹಾಕಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲವೆಂದು ಶರ್ವರಿ ಅಂದುಕೊಂಡಳು.

ಹೊರಡುವ ಹೊತ್ತಿಗೆ ಗುಂಡಮ್ಮ ಎದ್ದವರು ಮತ್ತೆ ಅಡುಗೆಮನೆಗೆ ಹೋದರು.

"ಸಕ್ಕರಿ ಪುಡಿ ಮಾಡಿ ಕೊಡು. ತುಪ್ಪ, ಯಾಲಕ್ಕಿ ಅದಾವೇನ ಕೇಳು. ಅಷ್ಟ ದೂರದಿಂದ ಬಂದ ಬೀಗತಿ, ಸಿಹಿ ಇಲ್ಲದ ಕೂಡಸೂದು ಹೆಂಗ?"

ಬಾಣಲೆಯನ್ನು ಬೋರಲು ಹಾಕಿ ಒಲೆಯ ಮೇಲಿಟ್ಟರು. ಉಳಿದ ಹಿಟ್ಟಿನ ಉಂಡೆಗೆ ಸಕ್ಕರೆ ತುಂಬಿ, ಲಟ್ಟಿಸಿ, ತೋಳಿಗೇರಿಸಿದರು. ಬಲ ಭುಜ ಒಮ್ಮೆ ಜಗ್ಗಿತು. ತುಟಿ ಬಿಗಿಹಿಡಿದು ಹಿಗ್ಗಿಸಿದರು. ಹಾಳೆ ಬಾಣಲೆಯ ಬೆನ್ನಿಗೆ ಬಿದ್ದು ಚುಯ್ ಅಂದಿತು. ಮೆತ್ತಗಿರುವಾಗಲೇ ತೆಗೆದು, ನಾಲ್ಕು ಮಡಿಕೆ ಮಾಡಿ, ತುಪ್ಪ ಸವರಿ ನೆರ್ಮಿನ್ ಅವರ ಮುಂದಿಟ್ಟರು. ಹನ್ನೊಂದು ವರ್ಷದ ಮೇಲೆ ಮಾಡಿದ ಮಂಡಿಗೆ. ಅದನ್ನು ಮುರಿಯಲು ನೆರ್ಮಿನ್ ಅವರಿಗೆ ಮನಸ್ಸೇ ಬರಲಿಲ್ಲ. ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು.

ಆಟೋದಲ್ಲಿ ಬರುವಾಗ ಗುಂಡಮ್ಮ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂತೆಂದು ಶರ್ವರಿ ಅಂದುಕೊಂಡಳು. ಮೆಟ್ಟುಗುಡ ದಾಟುವಾಗ ಅವರು ಕಣ್ಣು ಬಿಡದೆಯೇ ಕೇಳಿದರು.

"ಆ ಕೋಲ ಇಲ್ಲೆ ಎಲ್ಲಿ ಸಿಗತೈತಿ?"

"ಬಡಿಗೇರ ಕಡೆ ಮಾಡಸೋಣ್ರೀ ಆಯಿ."

"ಎರಡ ಮಾಡಸು. ನಿನಗೊಂದ, ನನಗೊಂದ."

ಈಗ ಶನಿವಾರ ಮಧ್ಯಾಹ್ನ ಶರ್ವರಿಯ ಬೇಕರಿಯಲ್ಲಿ ಬೋರೆಕ್ ಸಿಗುತ್ತದೆ. ನೆರ್ಮಿನ್ ಅವರು ಇದ್ದ ಒಂದು ತಿಂಗಳೂ ಶನಿವಾರ ತಪ್ಪಿಸದೆ ಬಂದು ಮೇಜಿನ ಆ ಬದಿಗೆ ನಿಂತರು. ಅವರು ಊರಿಗೆ ಹೋದ ಮೇಲೆ ಆ ಜಾಗದಲ್ಲಿ ಎಲಿಫ್ ನಿಲ್ಲುತ್ತಾಳೆ. ಅವಳ ಐದು ಹಾಳೆಗಳಲ್ಲಿ ಎರಡು ಇನ್ನೂ ಹರಿಯುತ್ತವೆ. ಶರ್ವರಿಯದು ಐದರಲ್ಲಿ ಒಂದು. ಗುಂಡಮ್ಮ ಸ್ಟೂಲಿನ ಮೇಲೆ ಕೂತು, ಭುಜ ನೋಯದ ದಿನ ಎದ್ದು, ಒಂದೋ ಎರಡೋ ಹಾಳೆ ಹಿಗ್ಗಿಸುತ್ತಾರೆ. ಆ ಹೊತ್ತಿಗೆ ಪಫ್ ಕೊಳ್ಳಲು ಬಂದವರೂ ಕಪಾಟಿನ ಆಚೆಯಿಂದ ಕತ್ತು ಉದ್ದ ಮಾಡಿ ನೋಡುತ್ತ ನಿಂತುಬಿಡುತ್ತಾರೆ.

ಮೊನ್ನೆ ಯಾರೋ ಒಬ್ಬರು ತೆಲುಗಿನಲ್ಲಿ, ಈ ಅಮ್ಮ ಯಾವ ದೇಶದವರು ಎಂದು ಕೇಳಿದರು. ಶರ್ವರಿ ಉತ್ತರಿಸುವ ಮೊದಲೇ ಗುಂಡಮ್ಮ ತೋಳಿನ ಮೇಲಿನ ಹಾಳೆಯಿಂದ ಕಣ್ಣು ತೆಗೆಯದೆ ಅಂದರು:

"ಬೆಳಗಾವಿ. ಸ್ವಲ್ಪ ಬಾಗಲಕ್ಕ ಅಡ್ಡ ನಿಂದರ್ರಿ, ಗಾಳಿಗೆ ಹಿಟ್ಟ ಒಣಗತೈತಿ."